ಅಲ್ಪವಿರಾಮವೋ, ಅಡ್ಡಗೆರೆಯೋ?

ಮಾತಿಗೆ ಉಸಿರು ಹೇಗೋ ಬರೆಹಕ್ಕೆ ವಿರಾಮ ಹಾಗೆ. ಇಂಗ್ಲಿಷ್ ವಾಕ್ಯದಲ್ಲಿ ಆ ವಿರಾಮಕ್ಕೆ ಅಲ್ಪವಿರಾಮ ತಕ್ಕುದೋ ಅಡ್ಡಗೆರೆ ತಕ್ಕುದೋ ಎಂಬ ಪ್ರಶ್ನೆ ಅಧ್ಯಾಪನದ ದಿನಗಳಲ್ಲಿ ನಮ್ಮನ್ನು ಬಹುವಾಗಿ ಕಾಡಿತು. ವಾಗದರಿಯ ಮಗು ಮನೆಯಲ್ಲಿ ಕನ್ನಡವನ್ನಾಡಿ, ಪೇಟೆಯಲ್ಲಿ ಮರಾಠಿಯನ್ನು ಕೇಳಿ, ಶಾಲೆಯಲ್ಲಿ ಇಂಗ್ಲಿಷನ್ನು ಬರೆಯುತ್ತದೆ. ನಮ್ಮ ಅಲ್ಪವಿರಾಮವೇ ಮರಾಠಿಯ ಸ್ವಲ್ಪವಿರಾಮ. ಆದರೆ ಮೂರು ಭಾಷೆಗಳ ಉಸಿರು ಒಂದೇ ಅಲ್ಲ.

ತಾಳೆಗರಿಯ ಕನ್ನಡಕ್ಕೆ ಈ ಚಿಹ್ನೆಗಳ ಹಂಗಿರಲಿಲ್ಲ. ಸೊನ್ನಲಿಗೆಯ ಸಿದ್ಧರಾಮನ ವಚನಗಳಲ್ಲಿ ‘ಅಯ್ಯಾ’ ಎಂಬ ಸಂಬೋಧನೆಯೂ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತವೂ ನಿಲುಗಡೆಯನ್ನು ತಾವೇ ಸಾರುತ್ತವೆ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಮೇಲೆ ವಚನಗಳು ಅಚ್ಚಿನಲ್ಲಿ ನಮ್ಮ ಕೈಸೇರಿದವು. ‘ಬಂದು’, ‘ಎಂದು’ ಮೊದಲಾದ ರೂಪಗಳೇ ನಮ್ಮಲ್ಲಿ ಅರ್ಧ ವಿರಾಮದ ಕೆಲಸವನ್ನು ಮಾಡುತ್ತವೆ.

ಇಂಗ್ಲಿಷಿನಲ್ಲಿ ಹಾಗಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಸೋಲಾಪುರ್’ ಎಂದರೆ ಹಲವು ಸೋದರರಲ್ಲಿ ಸೊಲ್ಲಾಪುರದವನು. ನಡುವಿನ ಮಾತಿನ ಎರಡು ಬದಿಗೂ ಅಲ್ಪವಿರಾಮವಿಟ್ಟರೆ ಇರುವವನು ಒಬ್ಬನೇ ಸೋದರ, ಅವನ ವಾಸ ಸೊಲ್ಲಾಪುರ. ‘ಸೊಲ್ಲಾಪುರದಲ್ಲಿರುವ ನನ್ನ ಸೋದರ’ ಎಂಬ ಕನ್ನಡದಲ್ಲಿ ಈ ಭೇದ ತೋರದು. ಆದ್ದರಿಂದಲೇ ನಮ್ಮ ಮಕ್ಕಳು ಇಲ್ಲಿ ಎಡವುತ್ತಾರೆ.

ಅಲ್ಪವಿರಾಮವೆಂದರೆ ಅದೇ ದಾರಿಯಲ್ಲಿ ಹೆಜ್ಜೆ ನಿಧಾನಿಸುವುದು. ಅಡ್ಡಗೆರೆಯೆಂದರೆ ದಾರಿಯೇ ಹೊರಳುವುದು. ನಾವು ಇದನ್ನು ತಡವಾಗಿ ಕಲಿತೆವು. ಒಂಬತ್ತನೆಯ ಇಯತ್ತೆಯ ಬಾಲಕಿಯೊಬ್ಬಳು, ಸೊಲ್ಲಾಪುರದ ಗಿರಣಿಗೆ ದುಡಿಯಹೋದ ತಂದೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ತಾತ್ಪರ್ಯ ಹೀಗಿತ್ತು: ‘ದೀಪಾವಳಿಗೆ ಬರುವೆನೆಂದು ಅಪ್ಪ ಹೇಳಿದ್ದರು — ಬರಲಿಲ್ಲ.’ ನಾವು ಕೆಂಪು ಮಸಿಯಿಂದ ಗೆರೆಯನ್ನು ಹೊಡೆದುಹಾಕಿ, ಅಲ್ಪವಿರಾಮವಿಟ್ಟು ‘ಬಟ್’ ಎಂದು ಸೇರಿಸಿದೆವು. ಅವಳು ಎದುರಾಡದೆ ಹಾಗೆಯೇ ತಿದ್ದಿ ಬರೆದಳು. ವ್ಯಾಕರಣ ನೆಟ್ಟಗಾಯಿತು, ಆದರೆ ಆ ಗೆರೆಯಷ್ಟು ಉದ್ದ ಅವಳು ಬಾಗಿಲಲ್ಲಿ ಕಾದದ್ದು ಅಳಿಸಿಹೋಯಿತು.

ಈಗ ಅಡ್ಡಗೆರೆಗಳು ಬರೆಹದ ತುಂಬ ಹರಡಿವೆ. ಸಾಲಿಗೊಂದು ಬಂದರೆ ಯಾವ ಹೊರಳುವಿಕೆಗೂ ಬೆಲೆಯಿರದು. ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಬೇಕು. ಉಸಿರು ಮಾತ್ರ ನಿಂತರೆ ಅಲ್ಪವಿರಾಮ ಸಾಕು. ಮನಸ್ಸೇ ನಿಂತಲ್ಲಿ ಅಡ್ಡಗೆರೆ ಇರಲಿ. ತಿದ್ದುವ ಗುರುಗಳೂ ಪಾಲಕರೂ ಮಸಿ ಹಚ್ಚುವ ಮುನ್ನ, ಮಗು ಅಲ್ಲಿ ಏಕೆ ನಿಂತಿತೆಂದು ಒಮ್ಮೆ ಕೇಳಲಿ. ನಾವು ಕೇಳಲಿಲ್ಲ.