ಹಿನೋಕಿ ಸ್ನಾನದ ರಸಿಕರಿಗೆ

ಶ್ರೀಗಂಧಕ್ಕೆ ಪಳಗಿದ ಮೂಗಿಗೆ ಜಪಾನಿನ ಹಿನೋಕಿ ಮರದ ಕಂಪು ಮೊದಮೊದಲು ತೀರಾ ತೆಳು ಅನ್ನಿಸುತ್ತದೆ. ಸೈಪ್ರೆಸ್ ಬಳಗದ ಈ ಮರದ ಒಣ ಹಲಗೆಯನ್ನು ಮೂಸಿ ನೋಡಿ ತೀರ್ಮಾನಕ್ಕೆ ಬರಬಾರದು. ಅದರ ಮೇಲೊಂದು ಚೊಂಬು ಬಿಸಿನೀರು ಸುರಿಯಬೇಕು. ಹಬೆಯ ಜೊತೆ ಮೊದಲು ಏಳುವುದು ನಿಂಬೆಸಿಪ್ಪೆಯಂಥ ಚುರುಕು ವಾಸನೆ. ಪೈನೀನ್‌ನಂಥ ಹಗುರ ತೈಲಾಂಶಗಳದು. ಅದು ಹಾರಿಹೋದ ಮೇಲೆ ಕ್ಯಾಡಿನಾಲ್‌ನಂಥ ಭಾರದ ಅಂಶಗಳು ಮೆಲ್ಲಗೆ ಮರದ ಸಿಹಿ ಕಂಪು ಬಿಡುತ್ತವೆ. ಕಾಯಬೇಕಾದದ್ದು ಇದಕ್ಕೆ.

ನಾಗಾನೊ ಪ್ರಾಂತದ ಕಿಸೊ ಕಣಿವೆಯ ಹಿನೋಕಿಗೆ ಹೆಸರು ಹೆಚ್ಚು. ಅಲ್ಲಿನ ಚಳಿಗೆ ಮರ ನಿಧಾನವಾಗಿ ಬೆಳೆಯುವುದರಿಂದ ಉಂಗುರಗಳು ಒತ್ತೊತ್ತಾಗಿರುತ್ತವೆ. ಜಪಾನಿನ ಇತಿಹಾಸದ ಎದೊ ಕಾಲಘಟ್ಟದಲ್ಲಿ ಇಲ್ಲಿ ಮರ ಕದ್ದು ಕಡಿದವರಿಗೆ ತಲೆದಂಡವಿತ್ತು. ಈ ಮರದ ಬಾಳಿಕೆಯೂ ದೊಡ್ಡದು: ಜಪಾನಿನ ಹಳೆಯ ಹೊರ್ಯೂಜಿ ದೇಗುಲದ ಹಿನೋಕಿ ಕಂಬಗಳು ಸುಮಾರು 1300 ವರ್ಷಗಳಿಂದ ನಿಂತಿವೆ. ಸುಲಭಕ್ಕೆ ಕೊಳೆಯದ ಈ ಗುಣವೇ ಮರವನ್ನು ಬಚ್ಚಲಿಗೂ ತಂದಿತು.

ಹಿನೋಕಿಯ ದೊಡ್ಡ ಸ್ನಾನದ ತೊಟ್ಟಿ ದುಬಾರಿ. ಆದ್ದರಿಂದ ರುಚಿ ಹತ್ತಿಸಿಕೊಳ್ಳಲು 'ಒಕೆ' ಎಂಬ ಪುಟ್ಟ ಬೋಗುಣಿ ಸಾಕು. ಜಪಾನೀಯರು ಗಿಡ್ಡ ಮಣೆಯ ಮೇಲೆ ಕೂತು, ಇದರಲ್ಲಿ ನೀರು ಸುರಿದುಕೊಂಡು ಮೈ ತೊಳೆದ ಮೇಲೆಯೇ ತೊಟ್ಟಿಗೆ ಇಳಿಯುತ್ತಾರೆ. ತೊಟ್ಟಿಯ ನೀರಿಗೆ ಸೋಪು ಸೋಕಿಸುವುದಿಲ್ಲ. ಬೋಗುಣಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಕಿರಿದಾದ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ, ತಾಮ್ರದ ಅಥವಾ ಬಿದಿರಿನ ಬಳೆ ಬಿಗಿದಿರುತ್ತಾರೆ. ಪಟ್ಟಿಗಳ ಮೇಲಿನ ಗೆರೆಗಳು ನೇರವಾಗಿ, ಸಮಾನಾಂತರವಾಗಿ ಇದ್ದರೆ ಮರ ಸೊಟ್ಟಗಾಗುವ ಭಯ ಕಡಿಮೆ. ನೀರು ಕುಡಿದ ಪಟ್ಟಿಗಳು ಉಬ್ಬಿ ಸಂದುಗಳನ್ನು ತಾವೇ ಮುಚ್ಚುತ್ತವೆ. ಬಹುಕಾಲ ಒಣಗಲು ಬಿಟ್ಟರೆ ಬಳೆ ಜಾರುತ್ತದೆ. ಈ ಕೆಲಸಗಾರಿಕೆಯನ್ನು ಕಾಣದೆ ಬರೀ ಪರಿಮಳ ಹೀರಿದವರಿಗೆ ಅರ್ಧ ಸುಖವಷ್ಟೇ ದಕ್ಕೀತು.

ಸೋಪು, ಸ್ನಾನದ ಪುಡಿಗಳ ಮೇಲೆ 'ಹಿನೋಕಿಟಿಯೋಲ್' ಎಂದಿದ್ದರೆ ಅದರಲ್ಲಿ ಜಪಾನಿನ ಹಿನೋಕಿ ಇದೆ ಎಂದು ನಂಬಬೇಡಿ. 1936ರಲ್ಲಿ ರಸಾಯನಶಾಸ್ತ್ರಜ್ಞ ತೆತ್ಸುವೊ ನೊಝೋಯೆ ಈ ರಾಸಾಯನಿಕವನ್ನು ಬೇರ್ಪಡಿಸಿದ್ದು ತೈವಾನಿನ ಸೋದರ ಮರದಿಂದ. ಜಪಾನಿನ ಹಿನೋಕಿಯಲ್ಲಿ ಅದು ಅತ್ಯಲ್ಪ. ಜಪಾನಿನದೇ ಅವೊಮೊರಿ ಪ್ರಾಂತದ ಹಿಬಾ ಮರದಲ್ಲಿ ಧಾರಾಳ.

ಹಿನೋಕಿ ಎಣ್ಣೆಯನ್ನು ನೇರವಾಗಿ ನೀರಿಗೆ ಹನಿಸಬಾರದು. ಅದು ಬೆರೆಯದೆ ತೇಲಿ ಚರ್ಮಕ್ಕೆ ಉರಿ ತರಬಹುದು. ಅದಕ್ಕಿಂತ ಮರದ ಚಕ್ಕೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬಿಸಿನೀರಿಗೆ ಬಿಡುವುದು ಲೇಸು. ಬೋಗುಣಿಯನ್ನು ಬಳಸಿದ ಮೇಲೆ ತೊಳೆದು, ಗಾಳಿಯಾಡುವ ನೆರಳಲ್ಲಿ ಇಡಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಕಂಪು ಕುಂದಿದಾಗ ನಯವಾದ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿದರೆ ಒಳಪದರ ತೆರೆದು ಮತ್ತೆ ಘಮಘಮಿಸುತ್ತದೆ.