ಹನ್ನೆರಡು ಅಂಕಿಗಳಲ್ಲಿ ಮಣ್ಣಿನ ಆರೋಗ್ಯ?

ಮಣ್ಣು ಆರೋಗ್ಯ ಚೀಟಿಯನ್ನು ನೀವು ನೋಡಿರಬಹುದು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಕೇಂದ್ರ ಯೋಜನೆಯ ಫಲ ಅದು. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ ಹನ್ನೆರಡು ಅಂಕಿಗಳು ಅದರಲ್ಲಿರುತ್ತವೆ.

ಇಂಥ ಪರೀಕ್ಷೆಯ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ರಾಜ್ಯದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಸಹಯೋಗದೊಂದಿಗೆ ಶುರುವಾದ ಭೂಚೇತನ ಯೋಜನೆಯು ಗಂಧಕ, ಸತು, ಬೋರಾನ್‌ಗಳ ಕೊರತೆ ಎಷ್ಟು ವ್ಯಾಪಕವಾಗಿದೆ ಎಂಬುದನ್ನು ತೋರಿಸಿಕೊಟ್ಟದ್ದು ಮಣ್ಣು ಪರೀಕ್ಷೆಯಿಂದಲೇ. ನನ್ನ ತಕರಾರು ಚೀಟಿಯ ಹೆಸರಿನ ಬಗ್ಗೆ. ಈ ಹನ್ನೆರಡೂ ಹೆಚ್ಚಾಗಿ ಫಲವತ್ತತೆಯ ಅಳತೆಗಳು. ಆರೋಗ್ಯ ಅದಕ್ಕಿಂತ ದೊಡ್ಡದು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಹೊನ್ನಾಳಿಯ ನೀರಾವರಿ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ. ಪರೀಕ್ಷೆಗೆ ಹೋಗುವ ಮಣ್ಣು ನೆರಳಿನಲ್ಲಿ ಒಣಗಿಸಿದ್ದು. ಬೆಳೆ ಬದುಕುವುದು ನೀರು ನಿಂತ ಮಣ್ಣಿನಲ್ಲಿ. ನೀರು ನಿಂತಾಗ ಮಣ್ಣಿನೊಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿಕೊಂಡು ಸಾರಜನಕವನ್ನು ಗಾಳಿಗೆ ಬಿಡುತ್ತವೆ, ಕಬ್ಬಿಣ ಕರಗುತ್ತದೆ, ಸತು ಬೇರಿಗೆ ದಕ್ಕುವುದು ಕಡಿಮೆಯಾಗುತ್ತದೆ. ಕೆಲವು ವಾರಗಳಲ್ಲಿ ರಸಸಾರವೂ 7ರ ಕಡೆಗೆ ಸರಿಯುತ್ತದೆ. ಒಣ ಮಣ್ಣಿನ ಅಂಕಿಯನ್ನು ಗದ್ದೆಯ ಸ್ಥಿತಿ ಎಂದೇ ಓದಿದರೆ ತಪ್ಪಾಗುತ್ತದೆ.

ಚನ್ನಗಿರಿಯಲ್ಲಿ ತೊಂದರೆ ಆಳದ್ದು. ಬೆಳೆ ಹೊಲಗಳಿಗೆಂದು ನಿಗದಿಯಾದ ಮಾದರಿಯ ಆಳ ಸುಮಾರು 15 ಸೆಂಟಿಮೀಟರ್. ಅಡಿಕೆ ತೋಟಕ್ಕೆ ಇಷ್ಟು ಸಾಲದು. ಕೆಳಗಿನ ಪದರಗಳ ಮಣ್ಣನ್ನೂ ಬೇರೆ ಬೇರೆಯಾಗಿ ತೆಗೆಯಬೇಕು.

ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಸಾಲು. ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆ ಇದ್ದರೆ ಚೀಟಿ 'ಕಡಿಮೆ' ಎನ್ನುತ್ತದೆ. ಅದನ್ನು ಸರಿಪಡಿಸುವುದೆಂದರೆ ಏನು? ತರಗತಿಯಲ್ಲಿ ಲೆಕ್ಕ ಹಾಕಿಸಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು, ಘನ ಸೆಂಟಿಮೀಟರಿಗೆ 1.5 ಗ್ರಾಂ ಎಂದರೆ, 22,50,000 ಕಿಲೋ. ಇಂಗಾಲವನ್ನು 0.4ರಿಂದ 0.5ಕ್ಕೆ ಏರಿಸಲು 2,250 ಕಿಲೋ ಇಂಗಾಲ ಅಲ್ಲಿ ಉಳಿಯಬೇಕು. ಹಾಕಿದ್ದರಲ್ಲಿ ಬಹುಪಾಲು ಸೂಕ್ಷ್ಮಜೀವಿಗಳ ಉಸಿರಿನೊಂದಿಗೆ ಗಾಳಿಗೆ ಹೋಗುವುದರಿಂದ ಹಾಕಬೇಕಾದದ್ದು ಇದರ ಎಷ್ಟೋ ಪಟ್ಟು. ದಂಟನ್ನು ಪ್ರತಿ ವರ್ಷ ಹೊರಗೆ ಸಾಗಿಸಿದರೆ ಅಥವಾ ಸುಟ್ಟರೆ ಈ ಲೆಕ್ಕ ಎಂದೂ ಕೂಡುವುದಿಲ್ಲ. 'ಇಷ್ಟು ಸಾರಜನಕ ಹಾಕಿ' ಎಂಬ ಶಿಫಾರಸು ಮಾತ್ರ ಸುಲಭ. ಅದೂ 2010ರ ಪೋಷಕಾಂಶ ಆಧಾರಿತ ಸಹಾಯಧನದಿಂದ ಯೂರಿಯಾ ಹೊರಗುಳಿದು, ಅಗ್ಗದ ಬೆಲೆಗೇ ಸಿಗುತ್ತಿರುವಾಗ.

ಜಗಳೂರಿಗೆ ಬಂದರೆ ಚೀಟಿ ಇನ್ನೂ ಬಡವಾಗುತ್ತದೆ. ಬರಕ್ಕೆ ಹೆಸರಾದ ಈ ತಾಲ್ಲೂಕಿನಲ್ಲಿ ಬೆಳೆಯನ್ನು ಮೊದಲು ತಡೆಯುವುದು ನೀರು. ಮಣ್ಣಿನ ಆಳ, ಕಣಗಳ ಸ್ವರೂಪ, ನೀರು ಇಂಗುವ ವೇಗ, ತೇವ ಹಿಡಿದಿಡುವ ಶಕ್ತಿ – ಹನ್ನೆರಡರಲ್ಲಿ ಒಂದೂ ಇಲ್ಲ. ಎರೆಹುಳುವಾಗಲಿ ಶಿಲೀಂಧ್ರವಾಗಲಿ ಸುಳಿಯುವುದೇ ಇಲ್ಲ. ಯೋಜನೆಯ ಮೊದಲ ಸುತ್ತುಗಳಲ್ಲಿ ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದೇ ಮಾದರಿ ಇತ್ತು (ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು). ಒಂದೇ ಚೌಕದೊಳಗೆ ಎರೆಯೂ ಮಸಾರಿಯೂ ಬಂದರೆ ಬರುವ ಸರಾಸರಿ ಯಾವ ಹೊಲದ್ದು?

ಪ್ರಯೋಗಾಲಯವಿಲ್ಲದೆಯೂ ಇವುಗಳಲ್ಲಿ ಕೆಲವನ್ನು ನೀವು ನೋಡಬಹುದು. ಸದಾ ಉಳುವ ಹೊಲದ ಒಣ ಹೆಂಟೆಯೊಂದನ್ನೂ ಅದೇ ಹೊಲದ ಬದುವಿನ ಹೆಂಟೆಯೊಂದನ್ನೂ ಎರಡು ಗಾಜಿನ ಲೋಟಗಳ ನೀರಿನಲ್ಲಿ ಮೆಲ್ಲನೆ ಇಳಿಬಿಡಿ. ಯಾವುದು ಕೂಡಲೇ ಕುಸಿದು ಕೆಸರಾಗುತ್ತದೆ, ಯಾವುದು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಹತ್ತು ನಿಮಿಷ ಗಮನಿಸಿ. ಕುಸಿಯುವ ಮಣ್ಣು ಮಳೆ ಬಿದ್ದಾಗ ಮೇಲ್ಮೈ ಮುಚ್ಚಿಕೊಂಡು ನೀರನ್ನು ಹರಿಯಬಿಡುತ್ತದೆ. ಫಲಿತಾಂಶವನ್ನು ವಿದ್ಯಾರ್ಥಿಗಳು ಸರ್ವೆ ನಂಬರಿನೊಂದಿಗೆ ಬರೆದು, ಆ ಹೊಲದ ಚೀಟಿಯ ಪಕ್ಕದಲ್ಲಿಟ್ಟು ಹೋಲಿಸಲಿ.