ಸಮವಸ್ತ್ರದಲ್ಲಿದ್ದೇ ಹವಾಮಾನ ಪದವಿ

ಅಮೆರಿಕದ ವಾಯುಪಡೆಯಲ್ಲಿ ಹವಾಮಾನ ವಿಭಾಗಕ್ಕೆ ಸೇರುವ ಸೈನಿಕರು ಮಿಸಿಸಿಪಿಯ ಕೀಸ್ಲರ್ ನೆಲೆಯಲ್ಲಿ ತರಬೇತಿ ಪಡೆಯುತ್ತಾರೆ. ಮುಂದೆ ಅವರು ವಿಮಾನ ನಿಲ್ದಾಣಕ್ಕೆ ಮುನ್ಸೂಚನೆ ಬರೆಯುತ್ತಾರೆ, ಪೈಲಟ್‌ಗಳಿಗೆ ಬ್ರೀಫಿಂಗ್ ಕೊಡುತ್ತಾರೆ. ಈ ಅನುಭವ ಎಷ್ಟು ವರ್ಷದ್ದಾದರೂ ಬ್ಯಾಚುಲರ್ ಪದವಿಗೆ ಸಮವಲ್ಲ. ವರ್ಗಾವಣೆ, ರಾತ್ರಿ ಪಾಳಿ, ವಿದೇಶದ ನಿಯೋಜನೆಗಳ ನಡುವೆ ಕ್ಯಾಂಪಸ್ಸಿಗೆ ಹೋಗಿ ಓದುವುದೂ ಕಷ್ಟ. ಹಾಗಾಗಿ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಆನ್‌ಲೈನ್‌ನಲ್ಲಿ ಹವಾಮಾನಶಾಸ್ತ್ರ ಓದುವ ದಾರಿ ಹಲವರಿಗೆ ಒದಗಿಬಂದಿದೆ.

ಈ ದಾರಿಯ ಬೆಲೆ ಗೊತ್ತಾಗುವುದು ಅದರಲ್ಲಿ ಗಣಿತ ಎಷ್ಟಿದೆ ಎಂಬುದರಿಂದ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಹವಾಮಾನ ತಜ್ಞರ ಹುದ್ದೆಗೆ 1340 ಎಂಬ ಶ್ರೇಣಿ ಸಂಖ್ಯೆಯಿದೆ. ಪದವಿಯ ಮೂಲಕ ಅಲ್ಲಿಗೆ ಹೋಗುವವರು ವಾಯುಮಂಡಲ ವಿಜ್ಞಾನದಲ್ಲಿ 24 ಸೆಮಿಸ್ಟರ್ ಗಂಟೆ ಓದಿರಬೇಕು; ಅದರಲ್ಲಿ 6 ಗಂಟೆ ವಾಯುಮಂಡಲದ ಚಲನೆ ಮತ್ತು ಉಷ್ಣಗತಿವಿಜ್ಞಾನಕ್ಕೆ, ಇನ್ನು 6 ಗಂಟೆ ಹವೆಯ ವಿಶ್ಲೇಷಣೆ ಮತ್ತು ಮುನ್ಸೂಚನೆಗೆ ಮೀಸಲು. ಇದರ ಜೊತೆಗೆ ಭೌತಶಾಸ್ತ್ರ, ಅವಕಲ ಸಮೀಕರಣಗಳು. ಟಿವಿ ಮುನ್ಸೂಚಕರನ್ನು ಗುರಿಯಾಗಿಟ್ಟ ಪಠ್ಯಕ್ರಮಗಳಲ್ಲಿ ಗಣಿತ ಹಗುರವಾಗಿರುವುದುಂಟು. ಪದವಿಯ ಹೆಸರು ನೋಡಿ ಅಂಥದ್ದಕ್ಕೆ ಸೇರಿದ ಸೈನಿಕ, ಸೇನೆ ಬಿಟ್ಟ ಮೇಲೆ ಈ ಹುದ್ದೆಗೆ ಅರ್ಹತೆ ಸಾಲದೆ ಮತ್ತೆ ಪುಸ್ತಕ ಹಿಡಿಯಬೇಕಾಗುತ್ತದೆ. ಬಿಡುವಿನ ಒಂದೊಂದು ಗಂಟೆಯನ್ನೂ ಓದಿಗೆ ಕೊಟ್ಟವನಿಗೆ ಇದು ದೊಡ್ಡ ನಷ್ಟ. ಸೇರುವ ಮೊದಲೇ ಇದನ್ನು ಬಿಡಿಸಿ ಹೇಳುವ ಹೊಣೆ ವಿಶ್ವವಿದ್ಯಾಲಯದ್ದು.

ಗಣಿತವನ್ನು ಬಿಡದ ಪಠ್ಯಕ್ರಮವಾದರೆ ಕೆಲಸ ಮತ್ತು ಓದು ಒಂದನ್ನೊಂದು ಬೆಳೆಸುತ್ತವೆ. ಹವಾಮಾನ ಬಲೂನು ಅಳೆದು ಕಳಿಸಿದ ಉಷ್ಣತೆ, ತೇವಾಂಶಗಳನ್ನು ಎತ್ತರಕ್ಕೆ ತಕ್ಕಂತೆ ತೋರಿಸುವ ಸ್ಕ್ಯೂ-ಟಿ ನಕ್ಷೆಯಲ್ಲಿ ಗುರುತಿಸಿದಾಗ, ಮೇಲೇರುವ ಗಾಳಿಯ ರೇಖೆ ಸುತ್ತಲಿನ ಗಾಳಿಯ ರೇಖೆಯ ಬಲಕ್ಕೆ ಸರಿದರೆ ಎರಡರ ನಡುವೆ ಒಂದು ಪ್ರದೇಶ ಉಳಿಯುತ್ತದೆ. ಅದು ಹಿಗ್ಗಿದಷ್ಟೂ ಗುಡುಗು ಮಳೆಗೆ ಸಿಗಬಲ್ಲ ಶಕ್ತಿ ಹೆಚ್ಚು. ಪಾಳಿಯಲ್ಲಿ ಕಂಪ್ಯೂಟರ್ ಅದನ್ನು ಒಂದು ಅಂಕಿಯಾಗಿ ಕೊಡುತ್ತದೆ. ತರಗತಿಯಲ್ಲಿ ಅದೇ ಅಂಕಿಯನ್ನು ಕಲನದಿಂದ ಕೈಯಾರೆ ಕಂಡುಕೊಂಡವನಿಗೆ, ಕೆಳಪದರದ ತೇವ ತುಸು ಇಳಿದರೂ ಅದೇಕೆ ಕುಸಿಯುತ್ತದೆಂಬುದು ತಿಳಿಯುತ್ತದೆ. ಕಂಪ್ಯೂಟರ್ ಮಾದರಿಯ ಮುನ್ಸೂಚನೆ ತಪ್ಪಿದ ದಿನ ಈ ತಿಳಿವಳಿಕೆಯೇ ಆಸರೆ.

ಆನ್‌ಲೈನ್ ಓದಿನಲ್ಲಿ ನಿಜವಾಗಿ ಕೈತಪ್ಪುವುದು ನಕ್ಷೆಯ ಮುಂದೆ ಸಹಪಾಠಿಗಳೊಂದಿಗೆ ನಡೆಯುವ ವಾದ. ಪಾಳಿ ಬದಲಾಗುವಾಗಿನ ಚರ್ಚೆ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ, ಆದರೆ ಅಲ್ಲಿ ಸಮೀಕರಣದ ಮಾತಿಗೆ ಸಮಯವಿರುವುದಿಲ್ಲ. ವೆಚ್ಚದ ಮಟ್ಟಿಗೆ ಸೇನೆಯ ಶುಲ್ಕ ನೆರವು ದೊಡ್ಡ ಆಸರೆ. ಸೆಮಿಸ್ಟರ್ ಗಂಟೆಗೆ 250 ಡಾಲರ್ ಮಿತಿ ದಾಟಿದ್ದನ್ನು ವಿದ್ಯಾರ್ಥಿ ಬೇರೆ ಕಡೆಯಿಂದ ಹೊಂದಿಸಬೇಕು. ನಿಯೋಜನೆಗೆ ಹೊರಡಬೇಕಾದವರು ಕಲನ ಮತ್ತು ಅವಕಲ ಸಮೀಕರಣಗಳನ್ನು ತಾಯ್ನೆಲೆಯಲ್ಲಿರುವಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಈ ವಿಷಯಗಳಲ್ಲಿ ಒಂದು ವಾರದ ಪಾಠ ತಪ್ಪಿದರೂ ಮುಂದಿನದು ಅರ್ಥವಾಗುವುದಿಲ್ಲ.